ಕೇಸ್ ಶೀಟಿಗೆ ಬಾರದ ಔಷಧಿ

1990ರಲ್ಲಿ ಅಮೆರಿಕದಲ್ಲಿ ಒಂದು ಸಮೀಕ್ಷೆ ನಡೆಯಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗದ, ವೈದ್ಯಕೀಯ ಕಾಲೇಜುಗಳಲ್ಲಿ ಅಷ್ಟಾಗಿ ಕಲಿಸದ 16 ಬಗೆಯ ಚಿಕಿತ್ಸೆಗಳನ್ನು ಹೆಸರು ಹೇಳಿ ಕೇಳಿದರು: ಕಳೆದ ಒಂದು ವರ್ಷದಲ್ಲಿ ಇವುಗಳಲ್ಲಿ ಯಾವುದನ್ನಾದರೂ ಮಾಡಿಸಿಕೊಂಡಿದ್ದೀರಾ? ನೂರಕ್ಕೆ 34 ಮಂದಿ ಹೌದು ಎಂದರು. ಹೌದೆಂದವರಲ್ಲಿ ಶೇಕಡಾ 72ರಷ್ಟು ಜನ ಅದನ್ನು ತಮ್ಮ ಡಾಕ್ಟರಿಗೆ ಹೇಳಿರಲಿಲ್ಲ. 1993ರಲ್ಲಿ ಇದು ಪ್ರಕಟವಾದಂದಿನಿಂದ ಮೊದಲ ಅಂಕಿಯನ್ನೇ ಹೆಚ್ಚಾಗಿ ಉಲ್ಲೇಖಿಸುತ್ತಾರೆ. ಪಾಠ ಹೇಳುವವರು ಕಣ್ಣಿಡಬೇಕಾದದ್ದು ಎರಡನೆಯದರ ಮೇಲೆ. ರೋಗಿ ಹೇಳಲಿಲ್ಲ ಎಂಬುದರ ಇನ್ನೊಂದು ಮುಖ, ಡಾಕ್ಟರು ಕೇಳಲಿಲ್ಲ ಎಂಬುದು. ಕೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ವಿಶ್ವವಿದ್ಯಾಲಯದ ವೈದ್ಯಕೀಯ ಶಿಕ್ಷಣದಲ್ಲಿ ಪಾರಂಪರಿಕ ಮತ್ತು ಪರ್ಯಾಯ ಚಿಕಿತ್ಸೆಗಳಿಗೆ ಜಾಗ ಕೊಡಬೇಕೇ ಎಂಬ ಚರ್ಚೆ ಹಳೆಯದು. ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಕಾಲೇಜುಗಳನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿ ಪ್ರಯೋಗಾಲಯದ ವಿಜ್ಞಾನವನ್ನು ವೈದ್ಯಶಿಕ್ಷಣದ ತಳಪಾಯ ಮಾಡಿತು. ಅದರ ನಂತರದ ದಶಕಗಳಲ್ಲಿ ಅಮೆರಿಕದ ಹೋಮಿಯೋಪತಿ ಕಾಲೇಜುಗಳು, ಮೂಲಿಕೆ ಪಂಥದ ಕಾಲೇಜುಗಳು ಒಂದೊಂದಾಗಿ ಮುಚ್ಚಿದವು. ಶಿಕ್ಷಣದ ಗುಣಮಟ್ಟಕ್ಕೆ ಅದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಆದರೆ ಪಠ್ಯದಿಂದ ಹೊರಹೋದದ್ದು ರೋಗಿಯ ಮನೆಯಿಂದ ಹೊರಹೋಗಲಿಲ್ಲ. ಆಮೇಲೆ ಹಲವು ದೇಶಗಳು ಈ ವಿಷಯವನ್ನು ಮತ್ತೆ ಒಳಗೆ ತಂದವು. ಜಪಾನಿನ 2001ರ ಮಾದರಿ ಪಠ್ಯಕ್ರಮದಲ್ಲಿ ಆ ದೇಶದ ಪಾರಂಪರಿಕ ಮೂಲಿಕೆ ಪದ್ಧತಿಯಾದ ಕಾಂಪೋದ ಔಷಧಿಗಳು ಸೇರಿದವು. ಜರ್ಮನಿಯಲ್ಲಿ 2003ರಿಂದ ಪುನರ್ವಸತಿ ಮತ್ತು ಭೌತಚಿಕಿತ್ಸೆಯ ಜೊತೆ ಪ್ರಕೃತಿ ಚಿಕಿತ್ಸೆಯೂ ಕಡ್ಡಾಯ ವಿಭಾಗವೊಂದರ ಭಾಗವಾಯಿತು. ಹೀಗಾಗಿ ಕಲಿಸಬೇಕೋ ಬೇಡವೋ ಎಂಬುದಕ್ಕಿಂತ ಏನನ್ನು, ಎಲ್ಲಿ, ಹೇಗೆ ಕಲಿಸಬೇಕು ಎಂಬುದೇ ಈಗಿನ ನಿಜವಾದ ಪ್ರಶ್ನೆ.

ಸಾಮಾನ್ಯವಾಗಿ ಸಿಗುವುದು ಎರಡು ಬಗೆಯ ತರಗತಿ. ಒಂದು ಪರಿಚಯದ ಪಾಠ: ಒಂದೇ ಗಂಟೆಯಲ್ಲಿ ಆಯುರ್ವೇದದ ತ್ರಿದೋಷ, ಯುನಾನಿಯ ನಾಲ್ಕು ದೇಹರಸ, ಚೀನೀ ವೈದ್ಯದ ಚೀ, ರೋಗದಂಥದೇ ಲಕ್ಷಣ ತರುವ ವಸ್ತುವೇ ಮದ್ದು ಎಂಬ ಹೋಮಿಯೋಪತಿಯ ತತ್ತ್ವ. ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಬಾಯಿಪಾಠ ಮಾಡುತ್ತಾನೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾನೆ. ಇನ್ನೊಂದು ಬಯಲು ಮಾಡುವ ಪಾಠ: ಇದರಲ್ಲಿ ಪುರಾವೆ ಇಲ್ಲ, ಅದರಲ್ಲಿ ಸೀಸ ಇದೆ, ಇನ್ನೊಂದು ಬರೀ ಸಕ್ಕರೆ. ಇದರಲ್ಲಿ ಹೇಳುವುದು ಬಹುಪಾಲು ಸತ್ಯವೇ ಇರಬಹುದು. ಆದರೂ ವಿದ್ಯಾರ್ಥಿ ತರಗತಿಯಿಂದ ಹೊರಗೆ ಒಯ್ಯುವುದು ಮುಖದ ಮೇಲಿನ ತಾತ್ಸಾರವನ್ನು. ರೋಗಿಗಳು ಅದನ್ನು ಅರೆಕ್ಷಣದಲ್ಲಿ ಓದುತ್ತಾರೆ, ಓದಿದ ಮೇಲೆ ಬಾಯಿ ಬಿಡುವುದಿಲ್ಲ.

ನನ್ನ ಮಟ್ಟಿಗೆ ಈ ವಿಷಯ ವಾರ್ಡಿನಲ್ಲಿ ಕಲಿಯಬೇಕಾದ ಕೈಕೆಲಸ. ಎರಡು ಚಿಕಿತ್ಸೆಗಳು ಒಂದೇ ದೇಹದಲ್ಲಿ ಒಟ್ಟಿಗೆ ನಡೆಯುತ್ತಿರುವಾಗ ಕೇಳುವುದು, ಗುರುತಿಸುವುದು, ತೂಗುವುದು, ಹೇಳುವುದು. ಇದಕ್ಕೆ ಪ್ರತ್ಯೇಕ ಪತ್ರಿಕೆ ಬೇಡ. ಪ್ರತ್ಯೇಕ ಪತ್ರಿಕೆ ಮಾಡಿದರೆ ಇದು ಐಚ್ಛಿಕವಾಗುತ್ತದೆ, ಐಚ್ಛಿಕವಾದದ್ದು ರಜೆಯಾಗುತ್ತದೆ.

ಮೊದಲ ಪಾಠ, ಕೇಳುವುದು. ಆರರಿಂದ ಎಂಟು ವಿದ್ಯಾರ್ಥಿಗಳ ಗುಂಪು, ರೋಗಿಯ ಪಾತ್ರ ವಹಿಸಲು ತರಬೇತಿಯಾದ ಒಬ್ಬರು. ಮಂಡಿನೋವಿನ, ಸಕ್ಕರೆ ಕಾಯಿಲೆ ಇರುವ, ಅರವತ್ತರ ಹೆಂಗಸು ಎಂದಿಟ್ಟುಕೊಳ್ಳಿ. ವಿದ್ಯಾರ್ಥಿ ಕೇಳುತ್ತಾನೆ: "ಬೇರೆ ಏನಾದ್ರೂ ಔಷಧಿ ತಗೊಳ್ತಿದೀರಾ ಅಮ್ಮ?" "ಇಲ್ಲ ಡಾಕ್ಟ್ರೇ." ವಿದ್ಯಾರ್ಥಿ ಕೇಸ್ ಶೀಟಿನಲ್ಲಿ 'ಇಲ್ಲ' ಎಂದು ಬರೆದು ಮುಂದೆ ಹೋಗುತ್ತಾನೆ. ಅಲ್ಲೇ ಪಾಠವನ್ನು ನಿಲ್ಲಿಸಬೇಕು. ಆಕೆ ಸುಳ್ಳು ಹೇಳಲಿಲ್ಲ. ಆಕೆಯ ಲೆಕ್ಕದಲ್ಲಿ ಔಷಧಿ ಎಂದರೆ ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದು.

ಎರಡನೇ ಸಲ ಹೀಗೆ ಕೇಳಿಸಬೇಕು: "ಮಂಡಿನೋವಿಗೆ ಅಂತ ಕಷಾಯ, ಪುಡಿ, ಎಣ್ಣೆ, ಮನೆಮದ್ದು, ಬೇರೆಯವರು ಕೊಟ್ಟ ಮಾತ್ರೆ, ಇದ್ರಲ್ಲಿ ಏನಾದ್ರೂ ನಡೀತಿದೆಯಾ ಅಮ್ಮ? ತುಂಬ ಜನ ತಗೋತಾರೆ. ನಾನು ಬರೆಯೋ ಮಾತ್ರೆ ಜೊತೆ ಅದು ಹೊಂದುತ್ತಾ ಅಂತ ನೋಡ್ಬೇಕು." ಈಗ ಉತ್ತರ ಬೇರೆ: "ಒಂದು ಪುಡಿ ತಗೋತೀನಿ ಡಾಕ್ಟ್ರೇ, ಅದು ಔಷಧಿ ಅಲ್ವಲ್ಲ." ಈ ವಾಕ್ಯದಲ್ಲಿ ಮೂರು ಕೆಲಸ ಆಗಿದೆ. ರೂಪಗಳ ಹೆಸರು ಹಿಡಿದು ಕೇಳಿದೆ, ತಗೊಳ್ಳುವುದು ಸಾಮಾನ್ಯ ಎಂದು ಹೇಳಿ ಸಂಕೋಚ ಕಳೆದಿದೆ, ಯಾಕೆ ಕೇಳುತ್ತಿದ್ದೇನೆ ಎಂಬುದನ್ನೂ ಹೇಳಿದೆ. ಮೂರರಲ್ಲಿ ಒಂದನ್ನು ಬಿಟ್ಟರೂ ಉತ್ತರ ಸಿಗುವ ಸಂಭವ ಕಡಿಮೆಯಾಗುತ್ತದೆ.

ಈ ಅಭ್ಯಾಸ ಕೆಡುವುದು ಎಲ್ಲಿ ಎಂದರೆ, ಪಾತ್ರಧಾರಿ ದಯೆ ತೋರಿ ಮೊದಲ ಪ್ರಶ್ನೆಗೇ ಎಲ್ಲವನ್ನೂ ಹೇಳಿಬಿಟ್ಟಾಗ. ಅವರಿಗೆ ಮೊದಲೇ ಕಟ್ಟುನಿಟ್ಟಾಗಿ ಸೂಚನೆ ಇರಬೇಕು: ಪ್ರಶ್ನೆ ಮೊಗುಮ್ಮಾಗಿದ್ದರೆ 'ಇಲ್ಲ' ಎನ್ನಿ, ವಿದ್ಯಾರ್ಥಿ ಹುಬ್ಬು ಗಂಟಿಕ್ಕಿದರೆ ಉಳಿದದ್ದನ್ನು ಮುಚ್ಚಿಡಿ. ಪ್ರಶ್ನೆ ಕೇಳುವ ಹೊತ್ತೂ ಮುಖ್ಯ. ಸಿಗರೇಟು, ಹೆಂಡದ ಪ್ರಶ್ನೆಗಳ ಸಾಲಿನಲ್ಲಿ ಇದನ್ನು ಕೇಳಿದರೆ ರೋಗಿ ಇದನ್ನೂ ಚಟದ ಲೆಕ್ಕಕ್ಕೆ ಸೇರಿಸುತ್ತಾಳೆ. ನುಂಗುವ ಮಾತ್ರೆಗಳ ಪಟ್ಟಿ ಬರೆಯುವಾಗಲೇ ಅದರ ಮುಂದುವರಿಕೆಯಾಗಿ ಕೇಳಬೇಕು. ಉತ್ತರ ಬಂದ ಮೇಲೆ 'ನಾಟಿ ಔಷಧಿ +' ಎಂದು ಗೀಚಿದರೆ ಅದು ದಾಖಲೆಯಲ್ಲ. ಹೆಸರೇನು, ಯಾವ ಗಿಡದ ಯಾವ ಭಾಗ, ಯಾವ ರೂಪ, ಎಷ್ಟು ಪ್ರಮಾಣ, ಎಂದಿನಿಂದ, ಯಾರು ಕೊಟ್ಟರು, ಕೊನೆಯ ಸಲ ತಗೊಂಡದ್ದು ಯಾವಾಗ, ಇಷ್ಟೂ ಬರಬೇಕು. ಕೊನೆಯದು ಶಸ್ತ್ರಕ್ರಿಯೆಗೆ ಮುಂಚೆ ಬಹಳ ಬೇಕಾಗುತ್ತದೆ. ಉದಾಹರಣೆಗೆ, ರಕ್ತಸ್ರಾವ ಹೆಚ್ಚಬಹುದೆಂದು ಬೆಳ್ಳುಳ್ಳಿ ಸಾರದ ಗುಳಿಗೆಗಳನ್ನು ಶಸ್ತ್ರಕ್ರಿಯೆಗೆ ಕನಿಷ್ಠ 7 ದಿನ, ಗಿಂಕೋ ಮರದ ಎಲೆಯ ಸಾರವನ್ನು ಕನಿಷ್ಠ 36 ಗಂಟೆ ಮುಂಚೆ ನಿಲ್ಲಿಸಬೇಕೆಂಬ ಸಲಹೆ 2001ರಿಂದ ಚಾಲ್ತಿಯಲ್ಲಿದೆ.

ಗುರುತಿಸುವ ಪಾಠಕ್ಕೆ ಬೆಲ್ಜಿಯಂನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸೆ ಪಡೆದ ಹೆಂಗಸರು ಒಬ್ಬರ ಹಿಂದೆ ಒಬ್ಬರಂತೆ ಕಿಡ್ನಿ ಕಳೆದುಕೊಳ್ಳತೊಡಗಿದರು. ಅವರಿಗೆ ಕೊಡುತ್ತಿದ್ದ ಚೀನೀ ಮೂಲಿಕೆಗಳಲ್ಲಿ ಒಂದು ಸ್ಟೆಫಾನಿಯಾ ಟೆಟ್ರಾಂಡ್ರಾ ಆಗಬೇಕಿತ್ತು, ಚೀನೀ ಹೆಸರು ಫಾಂಗ್‌ಜಿ. ಬಂದದ್ದು ಅದೇ ಹೆಸರಿನ ಬಳಗದ ಇನ್ನೊಂದು ಗಿಡ, ಅರಿಸ್ಟೊಲೋಕಿಯಾ ಫಾಂಗ್‌ಚಿ. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ನಾಳಗಳ ನಡುವಿನ ಅಂಗಾಂಶವನ್ನು ನಾರುಗಟ್ಟಿಸಿತು. ನೂರಕ್ಕೂ ಹೆಚ್ಚು ಜನ ತುತ್ತಾದರು. ಕಿಡ್ನಿ ಮತ್ತು ಮೂತ್ರನಾಳ ತೆಗೆಸಿಕೊಂಡ 39 ರೋಗಿಗಳನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಮೂತ್ರಮಾರ್ಗದ ಕ್ಯಾನ್ಸರ್ ಸಿಕ್ಕಿತು ಎಂದು 2000ದಲ್ಲಿ ವರದಿಯಾಯಿತು. ಇಲ್ಲಿಂದ ವಿದ್ಯಾರ್ಥಿ ಕಲಿಯಬೇಕಾದದ್ದು ಒಂದು ಅಭ್ಯಾಸ: ರೂಢಿಯ ಹೆಸರನ್ನಷ್ಟೇ ನಂಬದೆ ಸಸ್ಯಶಾಸ್ತ್ರೀಯ ಹೆಸರು ಹುಡುಕುವುದು. ಬ್ರಾಹ್ಮಿ ಎಂದರೆ ಕೆಲವರಿಗೆ ಬಕೋಪಾ, ಕೆಲವರಿಗೆ ಒಂದೆಲಗ. ಕವರನ್ನೋ ಸೀಸೆಯನ್ನೋ ತರಲು ಹೇಳಬೇಕು, ಉಳಿದ ಪುಡಿಯನ್ನು ಅದೇ ಕವರಿನಲ್ಲಿ ಎತ್ತಿಡಬೇಕು. ಬೇರೆ ಡಬ್ಬಿಗೆ ಸುರಿದರೆ ಬ್ಯಾಚ್ ಸಂಖ್ಯೆ ಹೋಯಿತು, ಮುಂದೆ ಲ್ಯಾಬಿಗೆ ಕಳಿಸಿದರೂ ಎಲ್ಲಿಂದ ಬಂದದ್ದೆಂದು ಹೇಳಲಾಗದು.

ಫಾರ್ಮಕಾಲಜಿಯಲ್ಲಿ ಇದಕ್ಕೆ ಬೇರೆ ಅಧ್ಯಾಯವೇ ಬೇಕಿಲ್ಲ, ಇರುವ ಅಧ್ಯಾಯಗಳೊಳಗೆ ಕೂರಿಸಬಹುದು. ದೇಹದಲ್ಲಿ ಉಪ್ಪು ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುವ ಹಾರ್ಮೋನಾದ ಆಲ್ಡೊಸ್ಟಿರೋನ್ ಪಾಠದಲ್ಲಿ ಜ್ಯೇಷ್ಠಮಧು ಬರಲಿ. ರಕ್ತದೊತ್ತಡ ಏರಿದೆ, ಪೊಟ್ಯಾಸಿಯಂ 2.4ಕ್ಕೆ ಇಳಿದಿದೆ, ಕಾಲು ಸೋಲುತ್ತಿದೆ ಎಂಬ ಕೇಸ್ ಕೊಡಿ. ಹೆಚ್ಚಿನವರು ಆಲ್ಡೊಸ್ಟಿರೋನ್ ಜಾಸ್ತಿ ಇರಬೇಕು ಎನ್ನುತ್ತಾರೆ. ಆಮೇಲೆ ರಿಪೋರ್ಟ್ ತೋರಿಸಿ: ಆಲ್ಡೊಸ್ಟಿರೋನನ್ನು ಪ್ರಚೋದಿಸುವ ರೆನಿನ್ ಕಡಿಮೆ, ಆಲ್ಡೊಸ್ಟಿರೋನ್ ಕೂಡ ಕಡಿಮೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್‌ನಿಂದ ದೇಹದಲ್ಲಿ ಹುಟ್ಟುವ ಆಮ್ಲ, ದೇಹದ್ದೇ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲನ್ನು ಕಿಡ್ನಿಯಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲೇ ಆಲ್ಡೊಸ್ಟಿರೋನಿನ ಕೆಲಸಕ್ಕೆ ನಿಲ್ಲುತ್ತದೆ. ಕೆಮ್ಮಿನ ಕಷಾಯದ ಜೊತೆ ಮೂತ್ರವರ್ಧಕ ಮಾತ್ರೆಯೂ ನಡೆಯುತ್ತಿದ್ದರೆ ಪೊಟ್ಯಾಸಿಯಂ ಇನ್ನೂ ಬೇಗ ಕುಸಿಯುತ್ತದೆ, ಹೃದಯದ ಔಷಧಿ ಡಿಜಾಕ್ಸಿನ್ ಇದ್ದರೆ ಹೃದಯದ ಲಯ ತಪ್ಪಬಹುದು. ಕಿಣ್ವ, ಹಾರ್ಮೋನು, ಲವಣ, ಮೂರನ್ನೂ ಒಂದು ಬೇರು ಕಲಿಸಿಬಿಡುತ್ತದೆ.

ಕಿಣ್ವ ಪ್ರೇರಣೆಯ, ಅಂದರೆ ಔಷಧಿಗಳನ್ನು ಒಡೆಯುವ ಕಿಣ್ವಗಳು ದೇಹದಲ್ಲಿ ಹೆಚ್ಚುವುದರ ಪಾಠಕ್ಕೆ, ಖಿನ್ನತೆಗೆ ಬಳಸುವ ಗಿಡ ಸೇಂಟ್ ಜಾನ್ಸ್ ವರ್ಟ್. ಈ ಗಿಡದ ವಿಶೇಷವೆಂದರೆ ಇದು ಕೆಲಸ ಮಾಡುತ್ತದೆ. 2008ರ ಕಾಕ್ರೇನ್ ಪರಾಮರ್ಶೆ 29 ಪ್ರಯೋಗಗಳನ್ನು, 5,489 ರೋಗಿಗಳನ್ನು ಒಟ್ಟುಗೂಡಿಸಿ ನೋಡಿ, ಖಿನ್ನತೆಯಲ್ಲಿ ಇದು ಔಷಧಿಯಿಲ್ಲದ ತೋರಿಕೆಯ ಮಾತ್ರೆಗಿಂತ (ಪ್ಲಸೀಬೊ) ಮೇಲು, ಖಿನ್ನತೆಯ ಮಾತ್ರೆಗಳಿಗೆ ಸರಿಸಮ ಎಂದಿತು. ಅದೇ ಗಿಡ ಎಚ್‌ಐವಿ ಔಷಧಿ ಇಂಡಿನಾವಿರ್‌ನ ರಕ್ತಮಟ್ಟವನ್ನು ಶೇಕಡಾ 57ರಷ್ಟು ಇಳಿಸಿತು, ಹೃದಯ ಕಸಿಯಾದವರಲ್ಲಿ ತಿರಸ್ಕಾರ ತಡೆಯುವ ಔಷಧಿ ಸೈಕ್ಲೋಸ್ಪೊರಿನ್‌ನ ಮಟ್ಟ ಕುಸಿದು ದೇಹ ಕಸಿಯನ್ನು ತಿರಸ್ಕರಿಸುವಂತೆ ಮಾಡಿತು. ಎರಡೂ 2000ದ ವರದಿಗಳು. 'ಮೂಲಿಕೆಯಲ್ಲಿ ಏನೂ ಇರುವುದಿಲ್ಲ' ಎನ್ನುವವರೂ 'ಮೂಲಿಕೆಯಿಂದ ತೊಂದರೆ ಇಲ್ಲ' ಎನ್ನುವವರೂ ಈ ಒಂದು ಗಿಡದ ಮುಂದೆ ಮಾತು ಬದಲಿಸಬೇಕಾಗುತ್ತದೆ.

ಯಶಸ್ಸಿನ ಕಥೆಗಳನ್ನು ಕಲಿಸುವಾಗ ಎಚ್ಚರ ಬೇಕು. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಎಲ್ಲರಿಗೂ ಪ್ರಿಯವಾದ ಉದಾಹರಣೆ: ನಾಲ್ಕನೇ ಶತಮಾನದ ಚೀನೀ ಗ್ರಂಥವೊಂದರಲ್ಲಿ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿತ್ತು. ಕುದಿಸಿ ಎಂದಿರಲಿಲ್ಲ. ಅದನ್ನು ಗಮನಿಸಿದ ಚೀನೀ ವಿಜ್ಞಾನಿ ತೂ ಯೂಯೂ ಬಿಸಿಯಿಂದ ಸಾರ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಫಲ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಆದರೆ ಅದೇ ತಂಡ ಎರಡು ಸಾವಿರಕ್ಕೂ ಹೆಚ್ಚು ಹಳೆಯ ಯೋಗಗಳನ್ನು ಜಾಲಾಡಿತ್ತು, ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ಪರೀಕ್ಷಿಸಿತ್ತು ಎಂಬುದನ್ನು ಬಿಟ್ಟು ಹೇಳಿದರೆ ಪಾಠ ತಿರುಚಿಹೋಗುತ್ತದೆ. ಪರಂಪರೆ ಕೊಟ್ಟದ್ದು ಸುಳಿವು. ಅದು ಔಷಧಿಯಾದದ್ದು ಶೋಧನೆಯಿಂದ, ಅಳತೆಯಿಂದ.

ಪುರಾವೆ ತೂಗುವ ಪಾಠಕ್ಕೆ 2007ರಲ್ಲಿ ಪ್ರಕಟವಾದ ಜರ್ಮನಿಯ ಅಕ್ಯುಪಂಕ್ಚರ್ ಪ್ರಯೋಗವನ್ನು ನಾನು ಸೂಚಿಸುತ್ತೇನೆ. ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳು, ಮೂರು ಗುಂಪು. ಒಂದಕ್ಕೆ ಶಾಸ್ತ್ರೋಕ್ತ ಅಕ್ಯುಪಂಕ್ಚರ್. ಎರಡನೆಯದಕ್ಕೆ ಬಿಂದುಗಳಲ್ಲದ ಜಾಗದಲ್ಲಿ ಒಂದರಿಂದ ಮೂರು ಮಿಲಿಮೀಟರ್ ಆಳಕ್ಕಷ್ಟೇ ಸೂಜಿ, ಅಂದರೆ ತೋರಿಕೆಯ ಚಿಕಿತ್ಸೆ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ. ಆರು ತಿಂಗಳ ಬಳಿಕ ಗುಣ ಕಂಡವರು ಕ್ರಮವಾಗಿ ಶೇಕಡಾ 47.6, 44.2, 27.4.

ಇದನ್ನು ಒಮ್ಮೆಲೇ ಬೋರ್ಡಿನ ಮೇಲೆ ಬರೆಯಬಾರದು. ಮೊದಲು ಒಂದನೇ ಮತ್ತು ಮೂರನೇ ಗುಂಪಿನ ಅಂಕಿ ಮಾತ್ರ ಕೊಡಿ. 20 ಅಂಶದ ಅಂತರ, ಐವರಿಗೆ ಚಿಕಿತ್ಸೆ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿ ಲಾಭ. ತರಗತಿ 'ಕೆಲಸ ಮಾಡುತ್ತದೆ' ಎನ್ನುತ್ತದೆ. ಹಾಗೆಂದು ಕೈ ಎತ್ತಿಸಿ, ಬರೆದಿಡಿಸಿ. ಆಮೇಲೆ ಎರಡನೇ ಗುಂಪಿನ ಅಂಕಿ ಕೊಡಿ. ಅಂತರ 3.4ಕ್ಕೆ ಇಳಿಯಿತು. ಈಗ ಅದೇ ತರಗತಿ 'ಕೆಲಸ ಮಾಡುವುದಿಲ್ಲ' ಎನ್ನುತ್ತದೆ. ಅಲ್ಲಿಂದ ನಿಜವಾದ ಚರ್ಚೆ ಶುರು. ಬಿಂದುಗಳ ಶಾಸ್ತ್ರಕ್ಕೆ ಈ ಅಂಕಿಗಳು ಬೆಂಬಲ ಕೊಡುತ್ತವೆಯೇ? ಇಲ್ಲ. ಸೂಜಿ ಚುಚ್ಚಿಸಿಕೊಂಡವರಿಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಹೆಚ್ಚು ಗುಣ ಕಂಡಿತೇ? ಹೌದು. ಹಾಗಾದರೆ ಗುಣ ತಂದದ್ದು ಯಾವುದು? ಎರಡು ಸೂಜಿ ಗುಂಪುಗಳ ರೋಗಿಗಳಿಗೆ ತಮಗೆ ಯಾವ ಬಗೆ ಸಿಕ್ಕಿದೆ ಎಂದು ಗೊತ್ತಿರಲಿಲ್ಲ, ಮೂರನೇ ಗುಂಪಿನವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಮಾತ್ರೆ ನುಂಗಿ ಬೇಸತ್ತು ಬಂದವರಿಗೆ ಮತ್ತೆ ಅದೇ ಬಗೆಯ ಚಿಕಿತ್ಸೆ ಎಂದರೆ ಆಗುವ ನಿರಾಸೆಯೂ 27.4ರೊಳಗೆ ಸೇರಿರಬಹುದು. ನಿರೀಕ್ಷೆ, ಸ್ಪರ್ಶ, ಪ್ರತಿ ಸಲ ಸಿಗುವ ಅರ್ಧ ಗಂಟೆಯ ಗಮನ, ಇವೆಲ್ಲ ಮೊದಲೆರಡು ಗುಂಪುಗಳಲ್ಲಿವೆ. ಇಷ್ಟು ತಿಳಿದ ಮೇಲೆ ರೋಗಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆಗೆ ಪ್ರತಿ ವಿದ್ಯಾರ್ಥಿಯೂ ನಾಲ್ಕು ವಾಕ್ಯದ ಉತ್ತರ ಬರೆಯಬೇಕು. ಈ ತರಗತಿಗೆ ಒಂದು ಗಂಟೆ ಸಾಲದು, ಎರಡು ಬೇಕು. ಅಧ್ಯಾಪಕರು ಕೊನೆಗೆ ತಮ್ಮ ತೀರ್ಪು ಹೇಳಿ ಮುಗಿಸಿದರೆ, ವಿದ್ಯಾರ್ಥಿಗಳು ಆ ತೀರ್ಪನ್ನು ಮಾತ್ರ ನೆನಪಿಟ್ಟುಕೊಂಡು ಅಲ್ಲಿಗೆ ತಲುಪಿದ ದಾರಿಯನ್ನು ಮರೆಯುತ್ತಾರೆ.

ಹೋಮಿಯೋಪತಿಗೆ ಇಷ್ಟು ಹೊತ್ತು ಬೇಡ. ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುಮಾಡಿದರೆ ಹತ್ತರ ಅರವತ್ತನೇ ಘಾತ. ಒಂದು ಮೋಲ್ ವಸ್ತುವಿನಲ್ಲಿರುವ ಅಣುಗಳ ಸಂಖ್ಯೆ ಹತ್ತರ ಇಪ್ಪತ್ಮೂರನೇ ಘಾತದ ಮಟ್ಟದ್ದು. ಹನ್ನೆರಡನೇ ಸಲಕ್ಕೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಭರವಸೆ ಇಲ್ಲ. ಹತ್ತು ನಿಮಿಷದಲ್ಲಿ ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಜೊತೆಗೆ ಒಂದು ಮಾತು ಸೇರಿಸಬೇಕು: ಕಡಿಮೆ ತೆಳುಮಾಡಿದ ತಯಾರಿಕೆಗಳಲ್ಲಿ ನಿಜವಾದ ವಸ್ತು ಇರುತ್ತದೆ. ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನ ಎಂಬ ವಿಷಗಿಡದ ಪ್ರಮಾಣ ಮನಬಂದಂತೆ ಇರುವುದನ್ನು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ದೃಢಪಡಿಸಿದರು.

ಈಗ ಮಂಡಿನೋವಿನ ಆ ಅಮ್ಮನ ಪುಡಿಗೆ ಬರೋಣ. ಅರ್ಹ ವಿದ್ಯಾರ್ಥಿಯೂ ಇಲ್ಲಿ ಎಡವುತ್ತಾನೆ. ಪುಡಿ ಶುರುಮಾಡಿದ ಎರಡೇ ದಿನದಲ್ಲಿ ನೋವು ಮಾಯ, ಆಮೇಲೆ ಸಕ್ಕರೆ ಹತೋಟಿಗೆ ಸಿಗುತ್ತಿಲ್ಲ, ಮುಖ ದುಂಡಗಾಗಿದೆ, ತೋಳಿನಲ್ಲಿ ಸಣ್ಣ ತಾಗಿದರೂ ನೀಲಿಗಟ್ಟುತ್ತದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂದು ಊಹಿಸುವವರೆಗೆ ವಿದ್ಯಾರ್ಥಿ ಸರಿಯಾಗಿಯೇ ಬಂದ. "ಅದನ್ನ ಇವತ್ತೇ ಬಿಸಾಕಿ ಅಮ್ಮ" ಎಂದು ಕಳಿಸಿದರೆ ಮಾತ್ರ ಪ್ರಾಣಕ್ಕೇ ಅಪಾಯ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದ ದೇಹದಲ್ಲಿ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಸುಮ್ಮನಾಗಿರುತ್ತದೆ. ಪುಡಿ ಒಮ್ಮೆಲೇ ನಿಂತು, ಅದರ ಮೇಲೊಂದು ಜ್ವರವೋ ವಾಂತಿಭೇದಿಯೋ ಬಂದರೆ ರಕ್ತದೊತ್ತಡ ಕುಸಿಯುತ್ತದೆ. ಮಾಡಬೇಕಾದದ್ದು: ಬೆಳಗ್ಗೆ ಎಂಟರ ಹೊತ್ತಿಗೆ ರಕ್ತದ ಕಾರ್ಟಿಸಾಲ್ ನೋಡುವುದು. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಗ್ರಂಥಿ ಕೆಲಸ ಮಾಡುತ್ತಿಲ್ಲವೆಂದೇ ಲೆಕ್ಕ. ಪುಡಿಯ ಜಾಗಕ್ಕೆ ಅಳತೆ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಹೈಡ್ರೋಕಾರ್ಟಿಸೋನ್, ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲಾಗಿ ಕೊಟ್ಟು ನಿಧಾನವಾಗಿ ಇಳಿಸುವುದು. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕೆಂದು ಬರೆದು ಕೊಡುವುದು. ಪುಡಿಯಲ್ಲಿ ಬೆರೆತ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಆಗಿದ್ದರೆ ಕಾರ್ಟಿಸಾಲ್ ಪರೀಕ್ಷೆಯೇ ಮೋಸ ಮಾಡಬಹುದು ಎಂಬುದನ್ನೂ ಕಲಿಸಬೇಕು, ಎಷ್ಟೋ ಪರೀಕ್ಷಾ ಕಿಟ್‌ಗಳು ಅದನ್ನೇ ಕಾರ್ಟಿಸಾಲ್ ಎಂದು ಎಣಿಸುತ್ತವೆ.

ಸೇಂಟ್ ಜಾನ್ಸ್ ವರ್ಟ್ ವಿಷಯದಲ್ಲೂ ಹೀಗೆಯೇ. ಅದರ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುತ್ತಿದ್ದವರು ಗಿಡವನ್ನು ನಿಲ್ಲಿಸಿದರೆ ಸುಮಾರು ಎರಡು ವಾರದಲ್ಲಿ ಕಿಣ್ವಗಳು ಮೊದಲಿನ ಮಟ್ಟಕ್ಕೆ ಇಳಿಯುತ್ತವೆ, ವಾರ್ಫರಿನ್ ಮಟ್ಟ ಏರುತ್ತದೆ, ರಕ್ತಸ್ರಾವವಾಗಬಹುದು. ನಿಲ್ಲಿಸಿ ಎನ್ನುವುದೂ ಒಂದು ಪ್ರಿಸ್ಕ್ರಿಪ್ಷನ್, ಅದಕ್ಕೂ ದಿನಾಂಕ, ಮುಂದಿನ ಪರೀಕ್ಷೆ, ಮರಳಿ ಬರಬೇಕಾದ ದಿನ ಇರಬೇಕು.

ಇಷ್ಟೆಲ್ಲ ಯಾರು ಕಲಿಸಬೇಕು? ಪಾರಂಪರಿಕ ವೈದ್ಯರನ್ನು ಕರೆಸದೆ ಕಲಿಸಿದರೆ ಅವರು ರೋಗಿಯಲ್ಲಿ ಏನನ್ನು ನೋಡಿ ಏನು ಕೊಡುತ್ತಾರೆ ಎಂಬುದು ತಿಳಿಯುವುದೇ ಇಲ್ಲ. ಜಪಾನಿನ ಶೋಸೈಕೊತೊ ಎಂಬ ಮೂಲಿಕೆ ಯೋಗದ ಪ್ರಕರಣ ಇದಕ್ಕೆ ಸಾಕ್ಷಿ. ಕಾಂಪೋ ಪದ್ಧತಿಯಲ್ಲಿ ಅದನ್ನು ರೋಗಿಯ ಒಟ್ಟು ಲಕ್ಷಣ ನೋಡಿ ಕೊಡಬೇಕಿತ್ತು. ಆಸ್ಪತ್ರೆಗಳಲ್ಲಿ 'ಹೆಪಟೈಟಿಸ್' ಎಂಬ ರೋಗದ ಹೆಸರನ್ನಷ್ಟೇ ನೋಡಿ ಬರೆಯತೊಡಗಿದರು. ಹೆಪಟೈಟಿಸ್‌ಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದಿನ ಜೊತೆ ಸೇರಿದಾಗ ಶ್ವಾಸಕೋಶದ ಉರಿಯೂತದಿಂದ ಸಾವುಗಳಾದವು, ಆ ಜೋಡಿಯನ್ನೇ 1990ರ ದಶಕದಲ್ಲಿ ನಿಷೇಧಿಸಬೇಕಾಯಿತು.

ಹಾಗೆಂದು ಒಬ್ಬರಾದ ಮೇಲೆ ಒಬ್ಬರು ಉಪನ್ಯಾಸ ಕೊಡುವ ಏರ್ಪಾಡು ಫಲ ಕೊಡದು. ಅದು ಎರಡು ಪಕ್ಷಗಳ ಸಭೆಯಾಗುತ್ತದೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ರೋಗಿಯ ಕಾಗದ ಕೊಟ್ಟು, ಒಂದೇ ಪ್ರಶ್ನೆ ಕೇಳಬೇಕು: ಈ ರೋಗಿಯಲ್ಲಿ ಏನು ಕಂಡರೆ ನೀವು ಕೈ ಹಾಕದೆ ಬೇರೆ ಕಡೆ ಕಳಿಸುತ್ತೀರಿ? ರೋಗಗಳನ್ನು ಸುಖಸಾಧ್ಯ (ಸುಲಭವಾಗಿ ವಾಸಿಯಾಗುವುದು), ಕೃಚ್ಛ್ರಸಾಧ್ಯ (ಕಷ್ಟದಿಂದ ವಾಸಿಯಾಗುವುದು), ಯಾಪ್ಯ (ಹತೋಟಿಯಲ್ಲಷ್ಟೇ ಇಡಬಹುದಾದದ್ದು), ಪ್ರತ್ಯಾಖ್ಯೇಯ (ಕೈ ಹಾಕಬಾರದ್ದು) ಎಂದು ವಿಂಗಡಿಸುವ ಕ್ರಮ ಆಯುರ್ವೇದದಲ್ಲಿ ಹಿಂದಿನಿಂದಲೂ ಇದೆ, ಆದ್ದರಿಂದ ಪ್ರಶ್ನೆ ಅವರಿಗೆ ಹೊಸದಲ್ಲ. ಮಿತಿಯ ಬಗ್ಗೆ ಮಾತು ಶುರುವಾದ ಕೋಣೆಯಲ್ಲಿ ಸಾಮರ್ಥ್ಯದ ಬಗ್ಗೆಯೂ ಪ್ರಾಮಾಣಿಕ ಮಾತು ಬರುತ್ತದೆ.

ಪರೀಕ್ಷೆಯಲ್ಲಿ ಬಾರದ್ದನ್ನು ಯಾರೂ ಓದುವುದಿಲ್ಲ. ಆದ್ದರಿಂದ ಕ್ಲಿನಿಕಲ್ ಪರೀಕ್ಷೆಯಲ್ಲಿ ಎಂಟು ನಿಮಿಷದ ಒಂದು ಸ್ಟೇಷನ್ (ಒಂದು ಕೆಲಸವನ್ನು ಮಾಡಿ ತೋರಿಸುವ ಹಂತ) ಇದಕ್ಕೆ ಮೀಸಲಿಡಬೇಕು, 20 ಅಂಕ. ಕೇಳಿದ ರೀತಿಗೆ 6, ಸರಿಯಾಗಿ ಗುರುತಿಸಿ ದಾಖಲಿಸಿದ್ದಕ್ಕೆ 5, ಅಪಾಯ ಲೆಕ್ಕಹಾಕಿದ್ದಕ್ಕೆ 4. ಉಳಿದ 5 ಅಂಕ, ಆ ಔಷಧಿ ಕೊಟ್ಟ ವೈದ್ಯರಿಗೆ ಬರೆಯುವ ಕಾಗದಕ್ಕೆ. ಕಾಗದದಲ್ಲಿ ರೋಗಿಯ ಒಪ್ಪಿಗೆ ಪಡೆದಿದ್ದೇನೆ ಎಂಬ ಸಾಲು, ಕಂಡುಬಂದ ತೊಂದರೆ ಮತ್ತು ಲ್ಯಾಬ್ ಅಂಕಿ, ಈಗ ನಡೆಯುತ್ತಿರುವ ಮಾತ್ರೆಗಳ ಪೂರ್ತಿ ಪಟ್ಟಿ, ಔಷಧಿಯಲ್ಲಿ ಏನೇನಿದೆ ಎಂಬ ನೇರ ಪ್ರಶ್ನೆ, ಉತ್ತರಿಸಲು ಫೋನ್ ನಂಬರ್, ಇಷ್ಟು ಇರಬೇಕು. ಆರೋಪದ ಒಂದು ಪದ ಕಂಡರೂ ಒಂದು ಅಂಕ ಕಡಿತ, ಏಕೆಂದರೆ ಅಂಥ ಕಾಗದಕ್ಕೆ ಉತ್ತರ ಬರುವುದಿಲ್ಲ.